ವಿಟ್ನಿ ಪ್ಲಾಂಟೇಶನ್: ಮನೆ ನೋಡಲು ಹೋದವರಿಗೆ ಮನೆಯನ್ನೇ ಕೊನೆಗೆ ತೋರಿಸುತ್ತಾರೆ

ನ್ಯೂ ಆರ್ಲಿಯನ್ಸ್‌ಗೆ ಹೊರಟವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ. ನದಿಯ ಉದ್ದಕ್ಕೂ ಅಷ್ಟೊಂದು ಹಳೇ ಪ್ಲಾಂಟೇಶನ್ ಮನೆಗಳಿವೆ, ಒಂದನ್ನೇ ನೋಡಲು ಸಮಯ ಇದ್ದರೆ ಯಾವುದಕ್ಕೆ ಹೋಗಬೇಕು? ನನ್ನ ಉತ್ತರ ವಿಟ್ನಿ, ಗುಲಾಮರ ಕಥೆ ಹೇಳುವ ಮ್ಯೂಸಿಯಂ ಆಗಿರುವ ಹಳೇ ಕಬ್ಬಿನ ತೋಟ. ಚೆಂದದ ಫೋಟೊ ಬೇಕು, ಮರಗಳ ಸಾಲು ಬೇಕು, ಬಿಳೀ ಕಂಬ ಬೇಕು ಅಂದರೆ ಓಕ್ ಆ್ಯಲಿಗೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಮನೆಗಳೆಲ್ಲ ಯಾರ ದುಡ್ಡಲ್ಲಿ, ಯಾರ ಕೈಯಲ್ಲಿ ಎದ್ದವು ಅನ್ನೋದು ತಿಳಿಯಬೇಕಿದ್ದರೆ ವಿಟ್ನಿಗೆ ಹೋಗಬೇಕು.

ಜಾಗ ಇರೋದು ನಗರದಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆ, ವಾಲೆಸ್ ಎಂಬ ಪುಟ್ಟ ಊರು, ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಪ್ಯಾರಿಷ್ (ಪ್ಯಾರಿಷ್ ಅಂದರೆ ಲೂಸಿಯಾನಾದಲ್ಲಿ ಜಿಲ್ಲೆ ಇದ್ದ ಹಾಗೆ). ಗ್ರಾಮರ್ಸಿ ಸೇತುವೆ ದಾಟಿ ಇಳಿದರೆ ಸುತ್ತ ಕಬ್ಬಿನ ಗದ್ದೆ. ಹೌದು, ಇವತ್ತಿಗೂ ಅಲ್ಲಿ ಕಬ್ಬೇ ಬೆಳೆಯುತ್ತಾರೆ. ಗದ್ದೆಯ ಆಚೆ ಅಲ್ಲೊಂದು ಇಲ್ಲೊಂದು ರಾಸಾಯನಿಕ ಕಾರ್ಖಾನೆಯ ಚಿಮಣಿ. ನದಿ ಮಾತ್ರ ಕಾಣುವುದಿಲ್ಲ. ಪ್ರವಾಹ ತಡೆಯಲು ಕಟ್ಟಿದ ಎತ್ತರದ ಹುಲ್ಲಿನ ಏರಿ ಅಡ್ಡ ಬರುತ್ತದೆ. ಮನೆಗಳೆಲ್ಲ ನದಿಗೆ ಮುಖ ಮಾಡಿ ನಿಂತಿವೆ, ಎದುರಿಗೆ ನೋಡಿದರೆ ಏರಿ ಮತ್ತು ಆಕಾಶ, ಅಷ್ಟೇ. ಫ್ರೆಂಚರು ಇಲ್ಲಿ ಜಮೀನು ಹಂಚಿದ ರೀತಿಯೇ ಹಾಗೆ. ಆಗ ನದಿಯೇ ರಸ್ತೆಯಾಗಿದ್ದರಿಂದ ಎಲ್ಲರಿಗೂ ನದಿ ದಂಡೆ ಬೇಕಿತ್ತು, ಹಾಗಾಗಿ ದಂಡೆಯ ಮೇಲೆ ಕಿರಿದಾದ ಮುಖ, ಹಿಂದಕ್ಕೆ ಜೌಗು ಕಾಡಿನವರೆಗೆ ಉದ್ದಕ್ಕೆ ಹೋಗುವ ಪಟ್ಟಿ. ನಕ್ಷೆಯಲ್ಲಿ ಈಗಲೂ ಆ ಪಟ್ಟಿಗಳನ್ನು ಗುರುತಿಸಬಹುದು.

ಈಗ ಟೂರ್ ಬಗ್ಗೆ. ಬೇರೆ ಮನೆಗಳಲ್ಲಿ ಟೂರ್ ಶುರುವಾಗೋದು ಮುಂಬಾಗಿಲಿನಿಂದ. ಇಲ್ಲಿ ಹಾಗಲ್ಲ. ಮೊದಲು ಒಂದು ಮರದ ಚರ್ಚ್. ಆಂಟಿಯಾಕ್ ಬ್ಯಾಪ್ಟಿಸ್ಟ್ ಚರ್ಚ್ ಅಂತ, ಗುಲಾಮಗಿರಿಯಿಂದ ಬಿಡುಗಡೆಯಾದ ಜನರು 1870ರಲ್ಲಿ ನದಿಯ ಆಚೆ ದಂಡೆಯ ಪಾಲಿನಾ ಎಂಬಲ್ಲಿ ಕಟ್ಟಿಕೊಂಡಿದ್ದು. ಅದನ್ನು ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಒಳಗೆ ಬೆಂಚುಗಳ ನಡುವೆ, ಕಂಬದ ಪಕ್ಕ, ಮೂಲೆಯಲ್ಲಿ ಮಕ್ಕಳು ನಿಂತಿದ್ದಾರೆ. ಆಳೆತ್ತರದ ಮಣ್ಣಿನ ಪ್ರತಿಮೆಗಳು, ವುಡ್ರೋ ನ್ಯಾಶ್ ಎಂಬ ಕಲಾವಿದ ಮಾಡಿದ್ದು. ಮಕ್ಕಳೇ ಯಾಕೆ? ಕಾರಣ ಇದೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ಕೆಲಸವಿಲ್ಲದ ಬರಹಗಾರರಿಗೆ ಕೆಲಸ ಕೊಡಲು ಒಂದು ಯೋಜನೆ ಮಾಡಿತು. 1936ರಿಂದ 38ರವರೆಗೆ ಆ ಬರಹಗಾರರು ಊರೂರು ಸುತ್ತಿ, ಒಂದು ಕಾಲದಲ್ಲಿ ಗುಲಾಮರಾಗಿದ್ದ ಮುದುಕ ಮುದುಕಿಯರನ್ನು ಮಾತಾಡಿಸಿ ಬರೆದುಕೊಂಡರು. 2,300ಕ್ಕೂ ಹೆಚ್ಚು ಜನರ ಮಾತು ಹೀಗೆ ಉಳಿದಿದೆ. ಲೆಕ್ಕ ಹಾಕಿ ನೋಡಿ. 1865ರಲ್ಲಿ ಗುಲಾಮಗಿರಿ ಹೋಯಿತು, ಅದಾಗಿ ಎಪ್ಪತ್ತು ವರ್ಷದ ನಂತರ ಬದುಕಿದ್ದವರು ಅಂದರೆ ಆಗ ಅವರೆಲ್ಲ ಮಕ್ಕಳೇ ಆಗಿರಬೇಕು, ಅಲ್ವಾ? ಅದಕ್ಕೇ ಪ್ರತಿಮೆಗಳೂ ಮಕ್ಕಳದ್ದು. ಟೂರ್‌ಗೆ ಬಂದವರಿಗೆ ಕೊರಳಿಗೆ ಹಾಕಿಕೊಳ್ಳುವ ಒಂದು ಕಾರ್ಡ್ ಕೊಡುವ ಪದ್ಧತಿ ಇದೆ. ಅದರಲ್ಲಿ ಒಂದು ಮಗುವಿನ ಚಿತ್ರ, ಹಿಂದೆ ಆ ವ್ಯಕ್ತಿ ಮುಪ್ಪಿನಲ್ಲಿ ಹೇಳಿದ ಒಂದೆರಡು ಮಾತು. ಇಂಥ ಮ್ಯೂಸಿಯಂ ಐಡಿಯಾಗಳು ಎಷ್ಟೋ ಸಲ ಗಿಮಿಕ್ ಅನ್ನಿಸುತ್ತವೆ. ಇದು ಹಾಗನ್ನಿಸಲಿಲ್ಲ.

ಆಮೇಲೆ ಹೆಸರುಗಳ ಗೋಡೆ. ಕಪ್ಪು ಗ್ರಾನೈಟ್ ಮೇಲೆ ಈ ಒಂದೇ ತೋಟದಲ್ಲಿ ಗುಲಾಮರಾಗಿದ್ದ 350ಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ್ದಾರೆ. ಬರೀ ಹೆಸರು, ಮನೆತನದ ಹೆಸರಿಲ್ಲ. ಕೆಲವರ ಮುಂದೆ ಎಲ್ಲಿಯವರು ಅಂತ ಇದೆ, ಬಂಬಾರಾ, ಮಾಂಡಿಂಗಾ, ಕಾಂಗೊ. ಕೆಲವರ ಮುಂದೆ ಕಸುಬು ಇದೆ, ಬಡಗಿ, ಕಮ್ಮಾರ, ಅಡುಗೆಯವಳು. ಈ ವಿವರ ಎಲ್ಲಿಂದ ಸಿಕ್ಕಿತು ಅನ್ನೋದು ನನಗೆ ಗೋಡೆಗಿಂತ ಜಾಸ್ತಿ ಕುತೂಹಲದ ವಿಷಯ. ಯಜಮಾನ ಸತ್ತಾಗ ಆಸ್ತಿ ಪಾಲು ಮಾಡಲು ಪಟ್ಟಿ ಬರೆಯುತ್ತಿದ್ದರು. ಎತ್ತು ಇಷ್ಟು, ಗಾಡಿ ಇಷ್ಟು, ಹಂಡೆ ಇಷ್ಟು, ಜನ ಇಷ್ಟು. ಜನರ ಮುಂದೆ ವಯಸ್ಸು, ಕಸುಬು, ಕಾಯಿಲೆ, ಬೆಲೆ. ಆ ಬೆಲೆಪಟ್ಟಿಗಳೇ ಇವತ್ತು ಅವರಿದ್ದರು ಅನ್ನೋದಕ್ಕೆ ಸಾಕ್ಷಿ. ಸೆನೆಗಲ್‌ನಿಂದ ಬಂದ ಇಬ್ರಾಹಿಮಾ ಸೆಕ್ ಎಂಬ ಇತಿಹಾಸಕಾರರು ಇಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿ ಈ ಕಾಗದಗಳನ್ನು ಜಾಲಾಡಿದವರು. ಸ್ವಲ್ಪ ಮುಂದೆ ಇನ್ನೂ ದೊಡ್ಡ ಗೋಡೆಸಾಲು ಇದೆ, ಅಲ್ಲಿ ಇಡೀ ಲೂಸಿಯಾನಾದ 1,07,000 ಗುಲಾಮರ ಹೆಸರು. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಕೋರ್ಟು ಕಚೇರಿಗಳ ಹಳೇ ದಫ್ತರಗಳಿಂದ ವರ್ಷಗಟ್ಟಲೆ ಕೂಡಿಹಾಕಿದ ಮಾಹಿತಿ ಅದು. ಆ ಸಾಲಿಗೆ ಅವರದೇ ಹೆಸರಿಟ್ಟಿದ್ದಾರೆ.

ಇನ್ನೊಂದು ಕಡೆ ಸತ್ತ ಮಕ್ಕಳ ನೆನಪಿನ ಅಂಗಳ. ಈ ಒಂದು ಪ್ಯಾರಿಷ್‌ನಲ್ಲಿ 1823ರಿಂದ 1863ರವರೆಗಿನ ನಾಲ್ಕು ದಶಕಗಳಲ್ಲಿ ತೀರಿಕೊಂಡ ಸುಮಾರು 2,200 ಗುಲಾಮ ಮಕ್ಕಳ ಹೆಸರು, ಚರ್ಚಿನ ದಾಖಲೆಯಿಂದ ತೆಗೆದಿದ್ದು. ಅಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಗಮನಿಸಿ. 1811ರ ದಂಗೆಯ ಸ್ಮಾರಕ ಅಂತ ಒಂದಿದೆ. ಅಲ್ಲಿ ಕಬ್ಬಿಣದ ಸರಳುಗಳ ಮೇಲೆ ಮಣ್ಣಿನಲ್ಲಿ ಮಾಡಿದ ತಲೆಗಳನ್ನು ಸಿಕ್ಕಿಸಿದ್ದಾರೆ. ಸಣ್ಣ ಮಕ್ಕಳಿಗೆ ಬೇಡವೇ ಬೇಡ. ಆದರೆ ಅದು ಬೆದರಿಸಲು ಮಾಡಿದ ಕಲ್ಪನೆಯಲ್ಲ, ನಡೆದದ್ದೇ ಹಾಗೆ. 1811ರ ಜನವರಿ 8ರ ರಾತ್ರಿ, ಇಲ್ಲಿಂದ ನದಿಯ ಆಚೆಗಿರುವ ಆಂಡ್ರಿ ಎಂಬವನ ತೋಟದಲ್ಲಿ ಗುಲಾಮರು ಎದ್ದರು. ಮುಂದಾಳು ಚಾರ್ಲ್ಸ್ ಡೆಲಾಂಡ್. ನೂರಾರು ಜನ ಕೈಗೆ ಸಿಕ್ಕ ಕತ್ತಿ ಕೊಡಲಿ ಹಿಡಿದು ನ್ಯೂ ಆರ್ಲಿಯನ್ಸ್ ಕಡೆಗೆ ನಡೆದರು. ಎರಡೇ ದಿನದಲ್ಲಿ ತೋಟದ ಮಾಲೀಕರ ಪಡೆ ಅವರನ್ನು ಮುರಿಯಿತು. ಸಿಕ್ಕವರ ತಲೆ ಕಡಿದು, ಉಳಿದವರು ನೋಡಲಿ ಅಂತ ನದಿ ಏರಿಯ ಉದ್ದಕ್ಕೂ ಕಂಬಕ್ಕೆ ಚುಚ್ಚಿದರು. ಅಮೆರಿಕದ ಅತಿ ದೊಡ್ಡ ಗುಲಾಮರ ದಂಗೆಗಳಲ್ಲಿ ಇದೂ ಒಂದು. ಅಮೆರಿಕದಲ್ಲೇ ಓದಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ನಂತರ ಗುಲಾಮರ ಗುಡಿಸಲುಗಳು. ಎರಡು ಕೋಣೆ, ನಡುವೆ ಒಂದು ಚಿಮಣಿ, ಮುಂದೆ ಚಿಕ್ಕ ಜಗಲಿ. ಇವುಗಳಲ್ಲಿ ಎಲ್ಲವೂ ಇಲ್ಲಿಯವಲ್ಲ. ಇಲ್ಲಿದ್ದ ಗುಡಿಸಲುಗಳನ್ನು ಬಹುಪಾಲು 1970ರ ದಶಕದಲ್ಲಿ ಕೆಡವಿಬಿಟ್ಟಿದ್ದರು, ಹಾಗಾಗಿ ಮರ್ಟಲ್ ಗ್ರೋವ್ ಎಂಬ ಇನ್ನೊಂದು ತೋಟದಿಂದ ಕೆಲವನ್ನು ತಂದು ಜೋಡಿಸಿದ್ದಾರೆ. ಅಲ್ಲೇ ಇರುವ ತುಕ್ಕು ಹಿಡಿದ ಕಬ್ಬಿಣದ ಜೈಲು ಕೂಡ ಗೊನ್ಸಾಲೆಸ್ ಎಂಬ ಊರಿನಿಂದ ಬಂದದ್ದು, ಅದು 1868ರದ್ದು, ಅಂದರೆ ಗುಲಾಮಗಿರಿ ಹೋದ ಮೇಲಿನದ್ದು. ಮ್ಯೂಸಿಯಂನವರು ಇದನ್ನು ಮುಚ್ಚಿಡುವುದಿಲ್ಲ, ಕೇಳಿದರೆ ಹೇಳುತ್ತಾರೆ. ಆದರೂ ಅವಸರದಲ್ಲಿ ನೋಡಿ ಹೋಗುವವರು ಎಲ್ಲವೂ ಇಲ್ಲಿಯದ್ದೇ ಅಂದುಕೊಳ್ಳುವ ಸಾಧ್ಯತೆ ಇದೆ. ಮೂಲ ಜಾಗದಲ್ಲೇ ಉಳಿದ ಗುಡಿಸಲುಗಳ ಸಾಲು ನೋಡಬೇಕು ಅಂತಿದ್ದರೆ ಪಕ್ಕದ ಎವರ್‌ಗ್ರೀನ್ ಪ್ಲಾಂಟೇಶನ್‌ನಲ್ಲಿ 22 ಗುಡಿಸಲುಗಳು ಎರಡು ಸಾಲಿನಲ್ಲಿ ನಿಂತಿವೆ. ಅಲ್ಲಿ ಸಾರ್ವಜನಿಕರಿಗೆ ಪ್ರವೇಶ ಇದೆಯೋ ಇಲ್ಲವೋ ಅಂತ ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಗುಡಿಸಲುಗಳ ಹತ್ತಿರ ಕಬ್ಬಿಣದ ದೊಡ್ಡ ಹಂಡೆಗಳನ್ನು ಇಟ್ಟಿದ್ದಾರೆ. ಮಂಡ್ಯ ಕಡೆಯವರು ಇದನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ನಮ್ಮ ಆಲೆಮನೆಯ ಕೊಪ್ಪರಿಗೆ ಇದ್ದ ಹಾಗೇ ಇದೆ. ವ್ಯತ್ಯಾಸ ಏನಂದರೆ ಇಲ್ಲಿ ಒಂದರ ಪಕ್ಕ ಒಂದು, ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ ಒಲೆಯ ಮೇಲೆ ಕೂರಿಸುತ್ತಿದ್ದರು. ಕಬ್ಬಿನ ಹಾಲನ್ನು ಮೊದಲ ಹಂಡೆಯಲ್ಲಿ ಕುದಿಸಿ, ನೊರೆ ತೆಗೆದು, ಉದ್ದ ಹಿಡಿಕೆಯ ಸೌಟಿನಲ್ಲಿ ಮುಂದಿನದಕ್ಕೆ ಎತ್ತಿ ಹಾಕೋದು, ಅಲ್ಲಿಂದ ಮುಂದಿನದಕ್ಕೆ. ಕೊನೆಯ ಚಿಕ್ಕ ಹಂಡೆಯಲ್ಲಿ ಪಾಕ ಹರಳುಗಟ್ಟುವ ಹದಕ್ಕೆ ಬರಬೇಕು. ಕುದಿಯುವ ಪಾಕ ಮೈಮೇಲೆ ಬಿದ್ದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಾಣದ ಉರುಳೆಗೆ ಕೈ ಸಿಕ್ಕಿಕೊಂಡರೆ ಕೈ ಹೋಯಿತು. ಲೂಸಿಯಾನಾದಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿ ಬೀಳುವುದರೊಳಗೆ ಕಬ್ಬು ಕಡಿದು ಅರೆಯಬೇಕು, ಇಲ್ಲದಿದ್ದರೆ ಬೆಳೆ ಕೆಡುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ವರ್ಷದ ಕೊನೆಯವರೆಗೆ ಹಗಲೂ ರಾತ್ರಿ ಪಾಳಿ. ಹತ್ತಿ ತೋಟದ ಗುಲಾಮರು ಕೂಡ ಕಬ್ಬಿನ ತೋಟಕ್ಕೆ ಮಾರಿಬಿಡುತ್ತಾರೆ ಅಂದರೆ ಹೆದರುತ್ತಿದ್ದರು. ಸುಮ್ನೆ ಅಲ್ಲ.

ಈ ಹಂಡೆ ಸಾಲಿನ ಕಾಲ ಮುಗಿಸಿದವನೂ ಇದೇ ನಾಡಿನವನು. ನಾರ್ಬರ್ಟ್ ರಿಲ್ಯೂ, 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಸ್ವತಂತ್ರ ಕಪ್ಪು ಇಂಜಿನಿಯರ್. ಒಂದು ಪಾತ್ರೆಯ ಆವಿಯಿಂದಲೇ ಮುಂದಿನ ಪಾತ್ರೆಯನ್ನು ಕಾಯಿಸುವ, ಒತ್ತಡ ಕಡಿಮೆ ಮಾಡಿ ಕಡಿಮೆ ಶಾಖದಲ್ಲಿ ಕುದಿಸುವ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದ. ಇವತ್ತು ಮಂಡ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಸಕ್ಕರೆ ಕಾರ್ಖಾನೆಯ ಒಳಗೆ ನೀವು ನೋಡುವ ಆವಿ ಪಾತ್ರೆಗಳ ಸಾಲು ಇದೇ ತತ್ವದ್ದು.

ಇಷ್ಟೆಲ್ಲ ಆದ ಮೇಲೆ ಮನೆ. ಕಟ್ಟಡದ ಬಗ್ಗೆ ಆಸಕ್ತಿ ಇರುವವರು ಇಲ್ಲಿ ಸಮಯ ಇಟ್ಟುಕೊಳ್ಳಿ, ಏಕೆಂದರೆ ಮನೆ ನಿಜಕ್ಕೂ ಅಪರೂಪದ್ದು. ಪ್ಲಾಂಟೇಶನ್ ಮನೆ ಅಂದ ತಕ್ಷಣ ಕಣ್ಣಿಗೆ ಬರುವ ದೈತ್ಯ ಬಿಳಿ ಕಂಬಗಳು ಇದಕ್ಕಿಲ್ಲ. ಆ ಗ್ರೀಕ್ ಮಾದರಿಯ ಕಂಬಗಳ ಹುಚ್ಚು ಹತ್ತಿದ್ದು 1830ರ ದಶಕದ ಈಚೆಗೆ, ಓಕ್ ಆ್ಯಲಿ ಅದೇ ಕಾಲದ್ದು. ವಿಟ್ನಿಯ ಮನೆ ಅದಕ್ಕಿಂತ ಹಿಂದಿನದು, 1790ರ ಸುಮಾರಿಗೆ ಎದ್ದದ್ದು. ಆಗ ಲೂಸಿಯಾನಾ ಅಮೆರಿಕಕ್ಕೇ ಸೇರಿರಲಿಲ್ಲ. ಅದು ಸೇರಿದ್ದು 1803ರಲ್ಲಿ. ಅದಕ್ಕೆ ಮುಂಚೆ ಆಳಿದ್ದು ಮೊದಲು ಫ್ರಾನ್ಸ್, ಆಮೇಲೆ ಸ್ಪೇನ್. ಮನೆ ಕಟ್ಟಿಸಿದ ಹೇಡೆಲ್ ಮನೆತನ ಮೂಲತಃ ಜರ್ಮನಿಯದು. ಆಂಬ್ರೋಜ್ ಹೈಡೆಲ್ (ಈ ಹೆಸರೇ ಮುಂದೆ ಹೇಡೆಲ್ ಆಯಿತು) ಎಂಬವನು 1721ರಲ್ಲಿ ತಾಯಿ ಮತ್ತು ಒಡಹುಟ್ಟಿದವರ ಜೊತೆ ಹಡಗು ಹತ್ತಿ ಬಂದವನು. ಈ ದಂಡೆಗೆ ಜರ್ಮನ್ ಕೋಸ್ಟ್ ಅಂತಲೇ ಹೆಸರು. 1752ರಲ್ಲಿ ಅವನು ಈ ಜಮೀನು ಕೊಂಡ, ಅವನ ಕಿರಿಯ ಮಗ ಈಗಿನ ಮನೆ ಎಬ್ಬಿಸಿದ. ಜರ್ಮನ್ ಮನೆತನ, ಫ್ರೆಂಚ್ ಕ್ರಿಯೋಲ್ ಶೈಲಿ (ಇಲ್ಲೇ ನೆಲೆಸಿ ಬೆಳೆದ ಫ್ರೆಂಚ್ ಮಾತಿನವರ ಕಟ್ಟಡದ ರೀತಿ), ಸ್ಪೇನ್ ದೇಶದ ಆಡಳಿತ, ದುಡಿದ ಕೈ ಆಫ್ರಿಕಾದವರದ್ದು. ಒಂದೇ ಮನೆಯಲ್ಲಿ ಇಷ್ಟೂ.

ಮನೆ ಎತ್ತರಕ್ಕೆ ಎತ್ತಿ ಕಟ್ಟಿದ್ದು. ಕೆಳಗಿನ ಅಂತಸ್ತು ಪೂರ್ತಿ ಇಟ್ಟಿಗೆ, ಮೇಲಿನದು ಮರ ಮತ್ತು ಮಣ್ಣು. ನದಿ ಉಕ್ಕಿ ಬಂದರೆ ಕೆಳಗಿನ ಅಂತಸ್ತು ತಡೆದುಕೊಳ್ಳಬೇಕು, ಮೇಲೆ ಗಾಳಿ ಆಡಬೇಕು. ಸೈಪ್ರಸ್ ಮರದ ಕಂಬಗಳ ಚೌಕಟ್ಟು ನಿಲ್ಲಿಸಿ, ನಡುವಿನ ಜಾಗಕ್ಕೆ ಜೇಡಿಮಣ್ಣಿನಲ್ಲಿ ಸ್ಪ್ಯಾನಿಷ್ ಮಾಸ್ ಕಲಸಿ ತುಂಬಿದ್ದಾರೆ. ಓಕ್ ಮರಗಳಿಂದ ಬೂದು ಬಣ್ಣದ ಗಡ್ಡದಂತೆ ಇಳಿಬಿದ್ದಿರುತ್ತದಲ್ಲ, ಅದೇ. ಅದನ್ನು ನೀರಲ್ಲಿ ಕೊಳೆಸಿ ಒಳಗಿನ ಕಪ್ಪು ನಾರು ಮಾತ್ರ ಉಳಿಸಿಕೊಂಡು ಮಣ್ಣಿಗೆ ಸೇರಿಸುತ್ತಿದ್ದರು. ಇದಕ್ಕೆ ಬೂಸಿಯಾಜ್ ಅನ್ನುತ್ತಾರೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಏಳಿಸೋದು ನಮ್ಮ ಊರುಗಳಿಗೆ ಹೊಸದಲ್ಲ, ಆದರೆ ಇಂಥ ಶ್ರೀಮಂತನ ಮನೆಗೂ ಅದೇ ಮಣ್ಣಿನ ಗೋಡೆ, ಇನ್ನೂರು ವರ್ಷ ದಾಟಿ ಚಂಡಮಾರುತಗಳ ನಾಡಿನಲ್ಲಿ ನಿಂತಿದೆ ಅನ್ನೋದು ನೋಡುವಂಥದ್ದು.

ಮುಂಭಾಗದ ಉದ್ದಕ್ಕೂ ಅಗಲವಾದ ಜಗಲಿ, ಕೆಳಗೊಂದು ಮೇಲೊಂದು. ಕೆಳಗೆ ದಪ್ಪ ಇಟ್ಟಿಗೆ ಕಂಬ, ಮೇಲೆ ಸಪೂರ ಮರದ ಕಂಬ. ಮನೆಯೊಳಗೆ ಹಾದಿಕೋಣೆ ಅಂತ ಇಲ್ಲವೇ ಇಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನೇರ ಬಾಗಿಲು, ಪ್ರತಿ ಕೋಣೆಯಿಂದ ಜಗಲಿಗೆ ಬಾಗಿಲು. ಮೇಲೆ ಹೋಗುವ ಮೆಟ್ಟಿಲೂ ಹೊರಗೆ ಜಗಲಿಯಲ್ಲೇ. ಇಂಗ್ಲಿಷ್ ಮಾದರಿಯ ಮನೆಗೂ ಕ್ರಿಯೋಲ್ ಮನೆಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಇಂಗ್ಲಿಷರ ಮನೆಯಲ್ಲಿ ಬಾಗಿಲು ತೆರೆದರೆ ನಡುಹಾದಿ, ಎರಡೂ ಪಕ್ಕ ಕೋಣೆ. ಇಲ್ಲಿ ಜಗಲಿಯೇ ಹಾದಿ, ಜಗಲಿಯೇ ಹಾಲ್. ಸೆಕೆಗೆ ಇದು ಸರಿಯಾದ ಉತ್ತರ. ಏಸಿ ಇಲ್ಲದ ಕಾಲದಲ್ಲಿ ಕಟ್ಟಿದವರಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆ ಅನ್ನೋದು ನಮ್ಮ ಇವತ್ತಿನ ಬಿಲ್ಡರ್‌ಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಹೂಸ್ಟನ್‌ನಲ್ಲಿ ಮನೆ ಕೊಂಡವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಅರ್ಥ ಆಗುತ್ತದೆ.

ಮನೆಯ ಗೋಡೆ ಮತ್ತು ಚಾವಣಿಯ ಚಿತ್ರಗಳು ಇನ್ನೊಂದು ವಿಶೇಷ. ಮರದ ಹಲಗೆಗೆ ಅಮೃತಶಿಲೆಯಂತೆ ಕಾಣುವ ಬಣ್ಣ, ಚಾವಣಿಯಲ್ಲಿ ಹೂಬಳ್ಳಿ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಬರೆದದ್ದು, ದೊಮಿನಿಕೊ ಕನೋವಾ ಎಂಬ ಇಟಲಿಯ ಚಿತ್ರಕಾರನ ಕೈಚಳಕ ಅನ್ನುತ್ತಾರೆ. ಸಕ್ಕರೆ ದುಡ್ಡು ಹೇಗೆ ಹರಿದು ಬಂದಿತ್ತು ಅಂತ ಈ ಚಿತ್ರ ನೋಡಿದರೆ ಸಾಕು. ಸಕ್ಕರೆಗೆ ಮುಂಚೆ ಈ ತೋಟದಲ್ಲಿ ಇದ್ದದ್ದು ನೀಲಿ ಬೆಳೆ (ಬಟ್ಟೆಗೆ ಹಾಕುವ ನೀಲಿ ಬಣ್ಣದ ಗಿಡ, ಇಂಡಿಗೊ). 1790ರ ದಶಕದಲ್ಲಿ ಹುಳು ಬಿದ್ದು ನೀಲಿ ಕೈಕೊಟ್ಟಿತು. ಅದೇ ಹೊತ್ತಿಗೆ ಎತಿಯೆನ್ ದ ಬೋರೆ ಎಂಬ ತೋಟಗಾರ 1795ರಲ್ಲಿ ಲೂಸಿಯಾನಾದ ಕಬ್ಬಿನಿಂದ ಹರಳು ಸಕ್ಕರೆ ತೆಗೆದು ಲಾಭ ಮಾಡಿ ತೋರಿಸಿದ. ಆ ಕಡೆ ಸೈಂಟ್ ಡೊಮಿಂಗ್‌ನಲ್ಲಿ (ಈಗಿನ ಹೈಟಿ) 1791ರಿಂದ ಗುಲಾಮರು ಬಂಡೆದ್ದು ಅಲ್ಲಿನ ಸಕ್ಕರೆ ಉತ್ಪಾದನೆ ಕುಸಿದುಹೋಗಿತ್ತು. ಹೈಟಿಯವರು ಬಿಡುಗಡೆಯಾದರು, ಅದರ ಲಾಭ ಲೂಸಿಯಾನಾದ ಮಾಲೀಕರಿಗೆ, ಭಾರ ಲೂಸಿಯಾನಾದ ಗುಲಾಮರಿಗೆ. ಇತಿಹಾಸದ ಲೆಕ್ಕ ಕೆಲವು ಸಲ ಹೀಗೂ ಬರುತ್ತದೆ.

1840ರಿಂದ 1860ರವರೆಗೆ ತೋಟ ನಡೆಸಿದ್ದು ಒಬ್ಬ ವಿಧವೆ, ಮಾರಿ ಅಝೆಲಿ ಹೇಡೆಲ್. ಅವಳ ಕಾಲದಲ್ಲಿ ಒಂದು ಹಂಗಾಮಿನಲ್ಲಿ 4 ಲಕ್ಷ ಪೌಂಡ್‌ಗೂ ಜಾಸ್ತಿ ಸಕ್ಕರೆ ತೆಗೆದದ್ದಿದೆ. ಅವಳು ಸತ್ತಾಗ ಅವಳ ಆಸ್ತಿಯಲ್ಲಿ 101 ಜನರಿದ್ದರು. ಅವಳಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅನ್ನಾ ಎಂಬ ಗುಲಾಮ ಹುಡುಗಿ ಬೆಳೆದಳು. ಅಝೆಲಿಯ ಅಣ್ಣತಮ್ಮಂದಿರಲ್ಲೊಬ್ಬನಿಂದ ಅನ್ನಾಗೆ 1835ರಲ್ಲಿ ಒಂದು ಗಂಡು ಮಗುವಾಯಿತು, ವಿಕ್ಟರ್. ಆ ವಿಕ್ಟರ್ ಹೇಡೆಲ್‌ನ ವಂಶದವರೇ ಸಿಬಿಲ್ ಹೇಡೆಲ್ ಮೊರಿಯಲ್. ಅವರ ಗಂಡ ಡಚ್ ಮೊರಿಯಲ್ ನ್ಯೂ ಆರ್ಲಿಯನ್ಸ್‌ನ ಮೊದಲ ಕಪ್ಪು ಮೇಯರ್, ಮಗ ಮಾರ್ಕ್ ಮೊರಿಯಲ್ ಕೂಡ ಮುಂದೆ ಅದೇ ನಗರದ ಮೇಯರ್. ಮನೆ ನೋಡುವಾಗ ಈ ವಂಶಾವಳಿ ತಲೆಯಲ್ಲಿದ್ದರೆ ಕೋಣೆಗಳು ಬೇರೆಯೇ ಥರ ಕಾಣುತ್ತವೆ.

ಮನೆಯ ಹಿಂದಿನ ಅಡುಗೆಮನೆಯನ್ನೂ ನೋಡಿ. ಬೆಂಕಿಯ ಭಯಕ್ಕೆ, ಸೆಕೆಯ ಕಾಟಕ್ಕೆ ಅಡುಗೆಮನೆ ದೂರ ಇಡುತ್ತಿದ್ದರು. ಪಾರಿವಾಳದ ಗೂಡುಗಳಿವೆ, ಹಳೇ ಕ್ರಿಯೋಲ್ ಕೊಟ್ಟಿಗೆ ಇದೆ. ಕಟ್ಟಡ ಶಾಸ್ತ್ರದವರು ಕೊಟ್ಟಿಗೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರಂತೆ. ನಾನು ಬೇಗ ದಾಟಿದೆ.

ಈ ಜಾಗ ಉಳಿದದ್ದೇ ಆಕಸ್ಮಿಕ. ಅಂತರ್ಯುದ್ಧ ಮುಗಿದ ಮೇಲೆ 1867ರಲ್ಲಿ ಬ್ರಾಡಿಷ್ ಜಾನ್ಸನ್ ಎಂಬವನು ಕೊಂಡು ಮೊಮ್ಮಗನ ಹೆಸರಿನಲ್ಲಿ ವಿಟ್ನಿ ಅಂತ ಕರೆದ. 1990ರಲ್ಲಿ ಫಾರ್ಮೋಸಾ ಎಂಬ ತೈವಾನ್ ಕಂಪನಿ ಇಲ್ಲಿ ರೇಯಾನ್ ಕಾರ್ಖಾನೆ ಹಾಕಲು ಜಮೀನು ತೆಗೆದುಕೊಂಡಿತು. ಊರವರು, ಪರಿಸರದವರು ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ಆಮೇಲೆ ಜಾನ್ ಕಮಿಂಗ್ಸ್ ಎಂಬ ನ್ಯೂ ಆರ್ಲಿಯನ್ಸ್ ವಕೀಲ ಅದನ್ನು ಕೊಂಡು, ಕೈಯಿಂದಲೇ ಕೋಟಿಗಟ್ಟಲೆ ದುಡ್ಡು ಸುರಿದು, 2014ರ ಡಿಸೆಂಬರ್‌ನಲ್ಲಿ ಮ್ಯೂಸಿಯಂ ತೆರೆದ. 2019ರಲ್ಲಿ ಒಂದು ಲಾಭರಹಿತ ಸಂಸ್ಥೆಗೆ ಬಿಟ್ಟುಕೊಟ್ಟ. ಬಿಳಿಯ ಶ್ರೀಮಂತನೊಬ್ಬ ಗುಲಾಮರ ಕಥೆ ಹೇಳುವುದೇನು ಅಂತ ಮುಖ ಗಂಟು ಹಾಕಿದವರೂ ಇದ್ದರು. ಅವರ ಮಾತಿನಲ್ಲೂ ಹುರುಳಿದೆ. ಆದರೆ ದುಡ್ಡಿರುವ ಉಳಿದವರು ಇಂಥ ಮನೆ ಕೊಂಡು ಮದುವೆ ಹಾಲ್ ಮಾಡಿದರು. ಇಲ್ಲಿ ಮದುವೆಗೆ ಬಾಡಿಗೆ ಕೊಡುವುದಿಲ್ಲ. ಆ ಒಂದು ಕಾರಣಕ್ಕೇ ನನ್ನಿಂದ ಒಂದು ಸ್ಟಾರ್ ಜಾಸ್ತಿ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಇದೇ ರಸ್ತೆಯಲ್ಲಿ ಇನ್ನೊಂದು ಮನೆ ನೋಡಿದ್ದೆವು, ಹೆಸರು ಬೇಡ. ಗೈಡ್ ಹಳೇ ಕಾಲದ ಗೌನ್ ಹಾಕಿಕೊಂಡು ಬಂದಳು. ಊಟದ ಮೇಜಿನ ಪಿಂಗಾಣಿ ಎಲ್ಲಿಯದು, ಪರದೆಯ ಬಟ್ಟೆ ಎಲ್ಲಿಯದು, ಯಜಮಾನನ ಮಗಳ ಪ್ರೇಮ ಹೇಗೆ ಮುರಿಯಿತು, ಮೇಲಿನ ಕೋಣೆಯಲ್ಲಿ ಯಾವ ದೆವ್ವ ಓಡಾಡುತ್ತದೆ, ಎಲ್ಲ ಹೇಳಿದಳು. ಊಟದ ಮೇಜಿನ ಮೇಲೆ ತೂಗುವ ದೊಡ್ಡ ಮರದ ಬೀಸಣಿಗೆ ತೋರಿಸಿ ಎಷ್ಟು ಚೆಂದ ಅಂದಳು. ಅದರ ಹಗ್ಗ ಹಿಡಿದು ಊಟ ಮುಗಿಯುವವರೆಗೆ ಎಳೆಯುತ್ತಾ ನಿಲ್ಲುತ್ತಿದ್ದ ಮಗು ಯಾವುದು ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಗಿಫ್ಟ್ ಶಾಪ್ ಎಡಗಡೆಗೆ ಅಂತ ಬಂತು.

ನಮ್ಮ ಕಡೆಯವರಿಗೆ ಇದು ಯಾಕೆ ಮುಖ್ಯ ಅಂತ ಕೇಳಬಹುದು. ನಾನು ಮಲೆನಾಡಿನವನು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆಗಳು ಈಗ ಹೋಮ್‌ಸ್ಟೇ ಆಗಿವೆ. ಅವುಗಳ ರಿವ್ಯೂ ಓದಿ ನೋಡಿ. ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಬೆಂಕಿಗೂಡು, ಬಟ್ಲರ್ ಮಾಡಿದ ಕಟ್ಲೆಟ್, ಜಗಲಿಯಲ್ಲಿ ಕಾಫಿ. ಆಳುಗಳು ಇರುತ್ತಿದ್ದ ಲೈನ್ ಮನೆಗಳ ಮಾತೇ ಇಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ, ಕಾಫಿ ತೋಟದ ಆಳುಗಳನ್ನು ಹೀಗೆ ಎತ್ತಿನ ಜೊತೆ ಪಟ್ಟಿ ಬರೆದು ಪಾಲು ಮಾಡುತ್ತಿರಲಿಲ್ಲ. ಆದರೆ ಘಟ್ಟದ ಕೆಳಗಿನಿಂದ ಮೇಸ್ತ್ರಿ ಕೊಟ್ಟ ಮುಂಗಡ ಹಿಡಿದು ಬಂದ ಆಳು ಕೆಲಸ ಬಿಟ್ಟು ಹೋದರೆ 1859ರ ಕಾನೂನಿನ ಪ್ರಕಾರ ಜೈಲಿಗೆ ಹಾಕಬಹುದಿತ್ತು, ಆ ಕಾನೂನು ರದ್ದಾಗಿದ್ದು 1925ರಲ್ಲಿ. ಯಾವ ಬಂಗಲೆಯ ಗೋಡೆಯ ಮೇಲೂ ಇದನ್ನು ಬರೆದು ಹಾಕಿದ್ದು ನಾನು ನೋಡಿಲ್ಲ. ದೊರೆ ಹೊಡೆದ ಹುಲಿಯ ಫೋಟೊ ಮಾತ್ರ ಇರುತ್ತದೆ. ಆಳುಗಳ ಹಾಜರಿ, ಕೂಲಿ ಬರೆಯುತ್ತಿದ್ದ ಚೆಕ್‌ರೋಲ್ ಪುಸ್ತಕಗಳು ಯಾವುದೋ ಆಫೀಸಿನ ಬೀರುವಿನಲ್ಲಿ ಗೆದ್ದಲು ಹಿಡಿಯುತ್ತಿರಬಹುದು, ಅದರಲ್ಲೂ ಹೆಸರುಗಳಿವೆ. ಯಾರಾದರೂ ತೋಟದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಪುಸ್ತಕ ಗುಜರಿಗೆ ಹಾಕಬೇಡಿ.

ಇನ್ನು ವ್ಯವಹಾರದ ಮಾತು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಗೈಡ್ ಜೊತೆಗಿನ ಟೂರ್ ಇದೆ, ಆಡಿಯೊ ಕೇಳಿಕೊಂಡು ನಾವೇ ಸುತ್ತುವುದೂ ಇದೆ. ನನ್ನ ಸಲಹೆ ಗೈಡ್ ಟೂರ್. ಪ್ರಶ್ನೆ ಕೇಳಬಹುದು, ಮತ್ತು ಇಲ್ಲಿನ ಗೈಡ್‌ಗಳು ಪ್ರಶ್ನೆಗೆ ಹೆದರುವುದಿಲ್ಲ. ಎರಡು ಗಂಟೆಯಾದರೂ ಬೇಕು. ಬಹುಪಾಲು ಬಯಲಿನಲ್ಲೇ ನಡೆಯಬೇಕು, ಬೇಸಿಗೆಯಲ್ಲಿ ಲೂಸಿಯಾನಾದ ಸೆಕೆ ಗೊತ್ತಲ್ಲ, ಟೋಪಿ ನೀರು ಇಲ್ಲದೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯದು. ನವೆಂಬರ್‌ನಲ್ಲಿ ಹೋದರೆ ಸುತ್ತಲಿನ ಗದ್ದೆಯಲ್ಲಿ ಕಬ್ಬು ಕಟಾವೂ ಕಾಣುತ್ತದೆ, ಈಗ ಎಲ್ಲ ಮಷಿನ್. ಸೊಳ್ಳೆಗೆ ಔಷಧಿ ಹಚ್ಚಿಕೊಳ್ಳಿ. ಮನೆಯ ಒಳಗೆ ಯಾವ ಭಾಗ ತೆರೆದಿದೆ ಅಂತ ಆ ದಿನವೇ ಕೇಳಿ, ಹಳೇ ಕಟ್ಟಡ, ರಿಪೇರಿ ನಡೆಯುತ್ತಿರಬಹುದು. 2021ರ ಆಗಸ್ಟ್‌ನಲ್ಲಿ ಐಡಾ ಚಂಡಮಾರುತ ಬಂದಾಗ ಇಲ್ಲೂ ಹಾನಿಯಾಗಿ ಕೆಲಕಾಲ ಮುಚ್ಚಿತ್ತು. ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೋಗಿ. ಸುತ್ತಮುತ್ತ ಸಿಗೋದು ಸೀಗಡಿ, ಸಾಸೇಜ್, ಇವೆರಡೂ ಹಾಕಿದ ಅನ್ನ. ನಮ್ಮ ಪುಳಿಯೋಗರೆ ಕಾರಿನಲ್ಲೇ ಖಾಲಿಯಾಯಿತು.

ಪುಸ್ತಕದ ಅಂಗಡಿ ಚೆನ್ನಾಗಿದೆ. ಸಾಮಾನ್ಯವಾಗಿ ಇಂಥ ಕಡೆ ಇರುವ ಫ್ರಿಜ್ ಮ್ಯಾಗ್ನೆಟ್ ಗಲಾಟೆ ಕಡಿಮೆ, ಓದುವಂಥ ಪುಸ್ತಕ ಜಾಸ್ತಿ.

ಮಕ್ಕಳ ವಿಷಯದಲ್ಲಿ ನನ್ನ ಅಂದಾಜು ಹತ್ತು ವರ್ಷ ದಾಟಿದವರಿಗೆ ಸರಿ. ಅದಕ್ಕಿಂತ ಚಿಕ್ಕವರಿಗೆ ಚರ್ಚ್ ಮತ್ತು ಹಂಡೆಗಳು ಸಾಕು.

ಒಂದೇ ದಿನದಲ್ಲಿ ಎರಡು ನೋಡುವ ಆಸೆ ಇದ್ದರೆ ಬೆಳಿಗ್ಗೆ ವಿಟ್ನಿ, ಮಧ್ಯಾಹ್ನ ಓಕ್ ಆ್ಯಲಿ ಅಥವಾ ಲಾರಾ. ಉಲ್ಟಾ ಬೇಡ. ಓಕ್ ಆ್ಯಲಿಗೆ ಹೋದರೆ ಮರಗಳ ಫೋಟೊ ತೆಗೆಯುವ ಜೊತೆಗೆ ಆಂಟ್ವಾನ್ ಬಗ್ಗೆ ಕೇಳಿ. ಅಲ್ಲಿ ಗುಲಾಮನಾಗಿದ್ದ ತೋಟದ ಮಾಲಿ, 1840ರ ದಶಕದಲ್ಲಿ ಪೆಕಾನ್ (ಅಕ್ರೋಟದಂಥ ಒಂದು ಕಾಯಿ) ಮರಕ್ಕೆ ಕಸಿ ಕಟ್ಟಿ ಯಶಸ್ವಿಯಾದವನು. ಆ ತಳಿಗೆ ಮುಂದೆ ಸೆಂಟೆನಿಯಲ್ ಅಂತ ಹೆಸರು ಬಂತು, ಪೆಕಾನ್ ವ್ಯಾಪಾರ ಬೆಳೆದದ್ದೇ ಅಂಥ ಕಸಿಯಿಂದ. ಲಾರಾದಲ್ಲಿ ಇದೇ ಕ್ರಿಯೋಲ್ ಶೈಲಿಯ ಮನೆ ಇದೆ, 1805ರ ಸುಮಾರಿನದು, ಬಣ್ಣ ಬಣ್ಣದ್ದು, ವಿಟ್ನಿಯ ಜೊತೆ ಹೋಲಿಸಿ ನೋಡಲು ಅದೇ ಒಳ್ಳೆಯದು. 1811ರ ದಂಗೆ ಶುರುವಾದ ಜಾಗ ನೋಡಬೇಕಿದ್ದರೆ ನದಿ ದಾಟಿ ಲಾಪ್ಲಾಸ್‌ಗೆ ಬನ್ನಿ. ಅಲ್ಲಿನ ವುಡ್‌ಲ್ಯಾಂಡ್ ಮನೆಯನ್ನು 2024ರಲ್ಲಿ ಡಿಸೆಂಡೆಂಟ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕೊಂಡಿದೆ. ಆ ಸಂಸ್ಥೆ ಕಟ್ಟಿದ ಅವಳಿ ಸಹೋದರಿಯರು ಜೋಯ್ ಮತ್ತು ಜೋ ಬ್ಯಾನರ್, ಇದೇ ವಾಲೆಸ್‌ನವರು, ಇಲ್ಲಿ ಗುಲಾಮರಾಗಿದ್ದವರ ವಂಶದವರು. ವಾಲೆಸ್‌ನಲ್ಲಿ ಬರಬೇಕಿದ್ದ ಒಂದು ಭಾರೀ ಧಾನ್ಯ ಸಂಗ್ರಹ ಘಟಕವನ್ನು ತಡೆಯಲು ವರ್ಷಗಟ್ಟಲೆ ಓಡಾಡಿದ್ದೂ ಇವರೇ, ಆ ಕಂಪನಿ 2024ರ ಆಗಸ್ಟ್‌ನಲ್ಲಿ ಕೈಬಿಟ್ಟಿತು. ಮನೆ ಯಾವಾಗ ತೆರೆದಿರುತ್ತದೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ, ಇಲ್ಲದಿದ್ದರೆ ಸೇತುವೆ ಎರಡು ಸಲ ದಾಟಿದ್ದೇ ಬಂತು.